ಮ್ಯಾಪಿನಲ್ಲಿ ನಮ್ಮ ಡೇರಿಯ ಗುರುತು ನಾವೇ ಇಡೋಣ

ಅಕ್ಕತಂಗಿಯರೇ,

ಒಕ್ಕೂಟದ ವೆಬ್‌ಸೈಟಿನಲ್ಲಿ ಎಲ್ಲ ಸಂಘಗಳನ್ನೂ ತೋರಿಸುವ ಮ್ಯಾಪ್ ಹಾಕುವ ಮಾತು ಈಗ ನಡೆಯುತ್ತಿದೆ. ಫೋನಿನಲ್ಲಿ ಬೆರಳಿಟ್ಟು ಸರಿಸಿದರೆ ಊರುಗಳು ಸರಿಯುತ್ತವೆ, ಗುರುತು ಮುಟ್ಟಿದರೆ ಸಂಘದ ವಿವರ ತೆರೆದುಕೊಳ್ಳುತ್ತದೆ. ಒಳ್ಳೆಯದೇ. ಆದರೆ ಮಾತು ಬಂದಾಗಲೆಲ್ಲ ನಮ್ಮಲ್ಲಿ ಹೆಚ್ಚಿನವರು "ಅದು ಆಫೀಸಿನವರ ಕೆಲಸ, ಕಂಪ್ಯೂಟರ್ ಓದಿದ ಹುಡುಗರ ಕೆಲಸ, ನಮಗ್ಯಾಕೆ" ಎಂದು ಎದ್ದು ಹೋಗುತ್ತೇವೆ. ನಾನೂ ಹಾಗೆ ಎದ್ದು ಹೋದವಳೇ.

ಈಗ ನನ್ನ ಅಭಿಪ್ರಾಯ ಬೇರೆ. ವೆಬ್‌ಸೈಟಿಗೆ ಮ್ಯಾಪ್ ಕೂರಿಸುವುದು ಅವರ ಕೆಲಸ, ಒಪ್ಪೋಣ. ಆದರೆ ಆ ಮ್ಯಾಪಿನ ಮೇಲೆ ನಮ್ಮ ಡೇರಿಯ ಗುರುತು ಎಲ್ಲಿ ಬೀಳಬೇಕು, ಅದನ್ನು ಮುಟ್ಟಿದಾಗ ಏನು ಕಾಣಬೇಕು, ಏನು ಕಾಣಲೇಬಾರದು ಎಂದು ಹೇಳುವುದು ನಮ್ಮ ಕೆಲಸ. ಇದನ್ನು ನಾವು ಹೇಳದಿದ್ದರೆ ನಮ್ಮ ಊರನ್ನು ನೋಡದವರು ಹೇಳುತ್ತಾರೆ. ಅದರ ಬೆಲೆ ತೆರುವವರು ಮಾತ್ರ ನಾವೇ.

ಎರಡು ಮಾರಮ್ಮನ ಗುಡಿ

ಹೀಗೆ ಹೇಳಲು ಕಾರಣವಿದೆ. ಮೂರು ವರ್ಷದ ಹಿಂದೆ ನಮ್ಮ ಮನೆಯ ಹಸು ಸಂಜೆ ಹೊತ್ತಿಗೆ ಕರು ಹಾಕಿತು. ಸುಸೂತ್ರವಾಗಿಯೇ ಆಯಿತು. ರಾತ್ರಿ ಹತ್ತರ ಹೊತ್ತಿಗೆ ನೋಡಿದರೆ ಮಲಗಿದ ಹಸು ಏಳುತ್ತಿಲ್ಲ. ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿಕೊಂಡು ಬಿದ್ದಿದೆ, ಕಿವಿ ತಣ್ಣಗಾಗಿದೆ. ಹಾಲು ಜ್ವರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಸರು ಜ್ವರವಾದರೂ ಮೈ ಬಿಸಿ ಇರುವುದಿಲ್ಲ. ಕರು ಹಾಕಿದ ಮೇಲೆ ಹಾಲಿಗೆ ಸುಣ್ಣದ ಅಂಶ ಹರಿದು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಹೋಗುವುದು ಇದಕ್ಕೆ ಕಾರಣ. ಹೊತ್ತಿಗೆ ಸರಿಯಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಬಿದ್ದ ಹಸು ನಮ್ಮ ಕಣ್ಣೆದುರೇ ಏಳುತ್ತದೆ. ತಡವಾದರೆ ಬೆಳಗಾಗುವುದರೊಳಗೆ ಕೊಟ್ಟಿಗೆ ಖಾಲಿಯಾಗಬಹುದು.

ವೈದ್ಯರಿಗೆ ಫೋನ್ ಮಾಡಿದೆವು. ನಮ್ಮ ಕಡೆಗೆ ಹೊಸದಾಗಿ ಬಂದವರು. ಊರಿನ ಹೆಸರು ಕೇಳಿದರು, ಹೊಸಹಳ್ಳಿ ಎಂದೆ. "ಬರ್ತಾ ಇದ್ದೀನಮ್ಮ" ಎಂದರು. ಮುಕ್ಕಾಲು ಗಂಟೆಯ ಮೇಲೆ ಅವರೇ ಫೋನ್ ಮಾಡಿದರು.

"ಅಮ್ಮ, ಮಾರಮ್ಮನ ಗುಡಿ ಹತ್ರ ನಿಂತಿದ್ದೀನಿ. ಎಲ್ಲಿದ್ದೀರಿ?"

"ನಾನೂ ಮಾರಮ್ಮನ ಗುಡಿ ಹತ್ರಾನೇ ಟಾರ್ಚ್ ಹಿಡ್ಕೊಂಡು ನಿಂತಿದ್ದೀನಿ ಸಾರ್, ನೀವು ಕಾಣಿಸ್ತಾ ಇಲ್ಲವಲ್ಲ!"

ಅವರು ನಿಂತಿದ್ದು ಇನ್ನೊಂದು ಹೊಸಹಳ್ಳಿಯ ಮಾರಮ್ಮನ ಗುಡಿಯ ಮುಂದೆ. ಫೋನಿನಲ್ಲಿ ಊರಿನ ಹೆಸರು ಹಾಕಿದಾಗ ಮ್ಯಾಪ್ ಆ ಹೊಸಹಳ್ಳಿಯನ್ನು ತೋರಿಸಿತ್ತು. ಪಾಪ, ಅದನ್ನೇ ನಂಬಿ ಹೋಗಿದ್ದರು. ಅಲ್ಲಿಂದ ತಿರುಗಿ ನಮ್ಮೂರು ಮುಟ್ಟುವಾಗ ಮಧ್ಯರಾತ್ರಿಯಾಗಿತ್ತು. ದೇವರ ದಯೆ, ಹಸು ಉಳಿಯಿತು. ಬೆಳಗಿನ ಜಾವ ಎದ್ದು ನಿಂತು ಕರುವನ್ನು ನೆಕ್ಕಿತು. ಆದರೆ ಆ ಎರಡು ಗಂಟೆಯನ್ನು ನಾನು ಮರೆತಿಲ್ಲ. ವೈದ್ಯರದ್ದು ತಪ್ಪಲ್ಲ, ನನ್ನದೂ ತಪ್ಪಲ್ಲ. ಹೊಸಹಳ್ಳಿ ಎಂಬ ಊರು ನಮ್ಮ ರಾಜ್ಯದಲ್ಲಿ ಯಾವ ತಾಲ್ಲೂಕಿನಲ್ಲಿ ಹುಡುಕಿದರೂ ಒಂದಾದರೂ ಸಿಕ್ಕೀತು. ನಮ್ಮದು ಸರಿಯಾಗಿ ಹೇಳಬೇಕೆಂದರೆ ಹೊಸಹಳ್ಳಿಯೂ ಅಲ್ಲ, ಹೊಸಹಳ್ಳಿಗೆ ಸೇರಿದ ಪಾಳ್ಯ. ಆ ಪಾಳ್ಯ ಮ್ಯಾಪಿನಲ್ಲಿ ಇರಲೇ ಇಲ್ಲ.

ಅಂದಿನಿಂದ ಮ್ಯಾಪ್ ಎಂದರೆ ಏನು, ಅದನ್ನು ವೆಬ್‌ಸೈಟಿನಲ್ಲಿ ಹೇಗೆ ಕೂರಿಸುತ್ತಾರೆ ಎಂದು ಕೇಳಿ ತಿಳಿದುಕೊಳ್ಳುತ್ತಾ ಬಂದೆ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ. ಇದು ಕಷ್ಟದ ವಿಷಯವಲ್ಲ. ಫ್ಯಾಟ್, ಎಸ್‌ಎನ್‌ಎಫ್ ಲೆಕ್ಕ ಅರ್ಥವಾದವರಿಗೆ ಇದೂ ಅರ್ಥವಾಗುತ್ತದೆ.

ಮ್ಯಾಪಿನ ಕೆಳಗೆ ಬೇರೆಯವರ ಚಿತ್ರ, ಮೇಲೆ ನಮ್ಮ ಗುರುತು

ವೆಬ್‌ಸೈಟಿನಲ್ಲಿ ಕಾಣುವ ಮ್ಯಾಪ್ ಒಂದೇ ದೊಡ್ಡ ಚಿತ್ರವಲ್ಲ. ಮನೆಯ ನೆಲಕ್ಕೆ ಹಾಸುವ ಟೈಲ್ಸ್ ನೋಡಿದ್ದೀರಲ್ಲ, ಹಾಗೆ ಚೌಕ ಚೌಕವಾದ ಸಣ್ಣ ಚಿತ್ರಗಳನ್ನು ಪಕ್ಕ ಪಕ್ಕ ಜೋಡಿಸಿದ್ದು. ಅವಕ್ಕೆ ಹೆಸರೂ ಟೈಲ್ ಎಂದೇ. ತೀರಾ ದೂರದಿಂದ ನೋಡುವಾಗ ಇಡೀ ಭೂಮಿ ಒಂದೇ ಟೈಲಿನಲ್ಲಿ ಇರುತ್ತದೆ. ಒಂದು ಹೆಜ್ಜೆ ಹತ್ತಿರ ಹೋದರೆ 4 ಟೈಲ್, ಇನ್ನೊಂದು ಹೆಜ್ಜೆಗೆ 16, ಮತ್ತೊಂದಕ್ಕೆ 64. ನೀವು ನೋಡುತ್ತಿರುವ ಜಾಗದ ಟೈಲ್ ಮಾತ್ರ ಫೋನಿಗೆ ಇಳಿದು ಬರುತ್ತದೆ. ಸಿಗ್ನಲ್ ಕಡಿಮೆ ಇರುವಾಗ ಮ್ಯಾಪಿನಲ್ಲಿ ಬೂದು ಬಣ್ಣದ ಚೌಕಗಳು ಕಂಡು, ಆಮೇಲೆ ಒಂದೊಂದಾಗಿ ತುಂಬಿಕೊಳ್ಳುವುದು ಇದಕ್ಕೇ.

ಈ ಟೈಲ್ ಮಾಡುವವರು ಬೇರೆಯವರು. ಗೂಗಲ್ ಕಂಪನಿ 2005ರಿಂದ ತನ್ನ ಮ್ಯಾಪ್ ಕೊಡುತ್ತಿದೆ. ಅದಕ್ಕೆ ಒಂದು ವರ್ಷ ಮೊದಲೇ, 2004ರಲ್ಲಿ, ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬವರು ಓಪನ್‌ಸ್ಟ್ರೀಟ್‌ಮ್ಯಾಪ್ ಶುರು ಮಾಡಿದರು. ಅದು ಒಂದು ಕಂಪನಿಯ ಸ್ವತ್ತಲ್ಲ. ನಮ್ಮ ಸಹಕಾರ ಸಂಘದ ಹಾಗೆ ಜನರೇ ಸೇರಿಸಿ ಜನರೇ ಬಳಸುವ ಮ್ಯಾಪ್. ಯಾರು ಬೇಕಾದರೂ ತಮ್ಮೂರಿನ ರಸ್ತೆ, ಶಾಲೆ, ಡೇರಿಯನ್ನು ಅದರಲ್ಲಿ ಸೇರಿಸಬಹುದು.

ಟೈಲ್‌ಗಳನ್ನು ತಂದು ಜೋಡಿಸಿ, ಬೆರಳಿನ ಜೊತೆ ಸರಿಯುವಂತೆ ಮಾಡಿ, ಮೇಲೆ ಗುರುತು ನೆಡುವ ಕೆಲಸಕ್ಕೆ ಸಿದ್ಧ ಸಾಮಾನು ಸಿಗುತ್ತದೆ. ಬಡಗಿಯಿಂದ ಹೊಸದಾಗಿ ಬಾಗಿಲು ಮಾಡಿಸುವ ಬದಲು ಅಂಗಡಿಯಿಂದ ಸಿದ್ಧ ಬಾಗಿಲು ತಂದು ಗೋಡೆಗೆ ಕೂರಿಸುವುದಿಲ್ಲವೇ, ಹಾಗೆ. ಕಂಪ್ಯೂಟರಿನವರು ಇದನ್ನು ಕಾಂಪೊನೆಂಟ್ ಎನ್ನುತ್ತಾರೆ. ಲೀಫ್ಲೆಟ್ ಎಂಬುದು ಅಂಥದ್ದೊಂದು. ಯುಕ್ರೇನ್ ದೇಶದ ವ್ಲಾದಿಮಿರ್ ಅಗಾಫೊನ್ಕಿನ್ ಅದನ್ನು ಬರೆದು 2011ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಇದರಿಂದಾಗಿ ಮ್ಯಾಪ್ ಕೂರಿಸುವ ಕೆಲಸ ತಿಳಿದವರಿಗೆ ಒಂದು ದಿನದ್ದು.

ಇಲ್ಲೇ ನೀವು ಗಮನಿಸಬೇಕಾದದ್ದು. ಟೈಲ್ ಬೇರೆಯವರದ್ದು, ಜೋಡಿಸುವ ಸಾಮಾನೂ ಬೇರೆಯವರದ್ದು, ಎರಡೂ ಸಿದ್ಧವಾಗಿ ಸಿಗುತ್ತವೆ. ಒಕ್ಕೂಟದ ಮ್ಯಾಪಿನಲ್ಲಿ ಒಕ್ಕೂಟದ್ದೇ ಆದದ್ದು ಯಾವುದು ಎಂದರೆ ಮೇಲೆ ನೆಟ್ಟ ಗುರುತು ಮತ್ತು ಗುರುತು ಮುಟ್ಟಿದಾಗ ತೆರೆಯುವ ನಾಲ್ಕು ಸಾಲು. ಆ ಗುರುತು ಎಲ್ಲಿದೆ ಎಂಬುದು, ಆ ನಾಲ್ಕು ಸಾಲು ಏನೆಂಬುದು ಆಫೀಸಿನ ಕಂಪ್ಯೂಟರಿಗೆ ಗೊತ್ತಿಲ್ಲ. ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ, ವರ್ಷಕ್ಕೆ 730 ಸಲ ಕ್ಯಾನ್ ಹಿಡಿದು ಡೇರಿಗೆ ನಡೆಯುವ ನಮಗೆ ಗೊತ್ತು.

ಸಂಘ ಸಮುದ್ರದಲ್ಲಿ ಮುಳುಗಿದ್ದು ಹೇಗೆ

ಗುರುತು ನೆಡಲು ಎರಡು ಅಂಕಿ ಬೇಕು. ಒಂದು ಅಕ್ಷಾಂಶ, ಇನ್ನೊಂದು ರೇಖಾಂಶ. ಶಾಲೆಯಲ್ಲಿ ಓದಿದ್ದು ಮರೆತಿದ್ದರೂ ಚಿಂತೆಯಿಲ್ಲ. ನಮ್ಮ ಕರ್ನಾಟಕದಲ್ಲಿ ನೀವು ಎಲ್ಲೇ ನಿಂತರೂ ಮೊದಲ ಅಂಕಿ 11ರಿಂದ 19ರ ಒಳಗೆ, ಎರಡನೆಯದು 74ರಿಂದ 79ರ ಒಳಗೆ ಇರುತ್ತದೆ. ಇಷ್ಟು ನೆನಪಿಟ್ಟರೆ ಅರ್ಧ ತಪ್ಪನ್ನು ನೀವೇ ಹಿಡಿಯಬಹುದು.

ತಪ್ಪುಗಳು ಎಂಥವು ಎಂದರೆ, ಎರಡು ಅಂಕಿ ಅದಲುಬದಲಾಗುವುದು ಬಲು ಸಾಮಾನ್ಯ. ಕೆಲವು ಸಾಮಾನುಗಳು ಅಕ್ಷಾಂಶವನ್ನು ಮೊದಲು ಕೇಳುತ್ತವೆ, ಕೆಲವು ರೇಖಾಂಶವನ್ನು. 12.9 ಮತ್ತು 77.1 ಎಂದು ಇರಬೇಕಾದದ್ದು ತಿರುಗಾಮುರುಗಾ ಆದರೆ ನಮ್ಮ ಡೇರಿಯ ಗುರುತು ಉತ್ತರ ಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಸಮುದ್ರದಲ್ಲಿ ಬೀಳುತ್ತದೆ. ಅಂಕಿಯನ್ನೇ ತುಂಬದೆ ಸೊನ್ನೆ ಬಿಟ್ಟರೆ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ ಬೀಳುತ್ತದೆ. ಇಂಥವು ನಗು ತರಿಸುತ್ತವೆ, ಬೇಗ ಸಿಕ್ಕಿಬೀಳುತ್ತವೆ. ಆದ್ದರಿಂದ ಇವುಗಳ ಭಯ ಕಡಿಮೆ.

ಭಯ ಇರುವುದು ನೋಡಿದರೆ ಸರಿ ಎಂದೇ ಕಾಣುವ ತಪ್ಪಿನದು. ಊರಿನ ಹೆಸರು ಕೊಟ್ಟು "ನೀನೇ ಹುಡುಕಿಕೋ" ಎಂದು ಕಂಪ್ಯೂಟರಿಗೆ ಬಿಟ್ಟರೆ ಅದು ಒಂದು ಹೊಸಹಳ್ಳಿಯನ್ನು ಹಿಡಿದು ಗುರುತು ಹಾಕುತ್ತದೆ. ಯಾವ ಹೊಸಹಳ್ಳಿ ಎಂದು ಕೇಳುವುದಿಲ್ಲ. ರಾಮಪುರ, ಕೋಡಿಹಳ್ಳಿ, ಗೊಲ್ಲರಹಟ್ಟಿ ಎಲ್ಲಕ್ಕೂ ಇದೇ ಪಾಡು. ಇನ್ನು ಹಟ್ಟಿ, ಪಾಳ್ಯ, ದೊಡ್ಡಿ, ತಾಂಡಾಗಳು ಕಂದಾಯದ ದಾಖಲೆಯಲ್ಲಿ ಬೇರೆ ಊರಿನ ಹೆಸರಿನಡಿ ಇರುತ್ತವೆ. ಅವುಗಳ ಸಂಘದ ಗುರುತೂ ಆ ದೊಡ್ಡ ಊರಿನ ಮಧ್ಯಕ್ಕೆ ಹೋಗಿ ಕೂರುತ್ತದೆ. ಒಂದೇ ಊರಿನಲ್ಲಿ ಎರಡು ಸಂಘ ಇದ್ದು ಒಂದು ಮಹಿಳಾ ಸಂಘವಾದರೆ, ಎರಡು ಗುರುತು ಒಂದರ ಮೇಲೊಂದು ಬಿದ್ದು ಮೇಲಿನದು ಮಾತ್ರ ಕಾಣುತ್ತದೆ. ಕೆಳಗೆ ಉಳಿಯುವುದು ಯಾವುದು ಎಂದು ನಾನು ಹೇಳಬೇಕೇ?

ಅಂಕಿಯನ್ನು ಎಷ್ಟು ಉದ್ದ ಬರೆಯಬೇಕು ಎಂಬುದೂ ಮುಖ್ಯ. ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಚುಕ್ಕಿಯ ನಂತರ ಎರಡು ಅಂಕಿ ಮಾತ್ರ ಬರೆದರೆ ಒಂದು ಕಿಲೋಮೀಟರಿನಷ್ಟು ಆಚೀಚೆ ಆಗಬಹುದು, ಡೇರಿ ಪಕ್ಕದ ಊರಿನ ಹೊಲದಲ್ಲಿ ಕಂಡೀತು. ನಾಲ್ಕು ಅಂಕಿ ಬರೆದರೆ ಸುಮಾರು 11 ಮೀಟರ್ ಒಳಗೆ ಬರುತ್ತದೆ. ಐದು ಬರೆದರೆ ಡೇರಿಯ ಬಾಗಿಲಿಗೇ ಬರುತ್ತದೆ.

ಮ್ಯಾಪ್ ಇಲ್ಲದ ಊರಿಗೆ ಸಹಾಯ ತಡ

ಗುರುತೊಂದು ತಪ್ಪಿದರೆ ಇಷ್ಟೆಲ್ಲ ಮಾತೇ ಎನ್ನಬೇಡಿ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ದೊಡ್ಡ ಭೂಕಂಪವಾಯಿತು. ರಾಜಧಾನಿ ಪೋರ್ಟ್-ಒ-ಪ್ರಿನ್ಸ್ ನೆಲಸಮವಾಯಿತು. ಸಹಾಯಕ್ಕೆ ಬಂದವರ ಕೈಯಲ್ಲಿ ಆ ನಗರದ ಗಲ್ಲಿಗಳ ಸರಿಯಾದ ಮ್ಯಾಪ್ ಇರಲಿಲ್ಲ. ಆಗ ಬೇರೆ ಬೇರೆ ದೇಶದ ಸಾಮಾನ್ಯ ಜನ ತಮ್ಮ ಮನೆಯಲ್ಲೇ ಕುಳಿತು, ಉಪಗ್ರಹದ ಚಿತ್ರ ನೋಡಿ ಒಂದೊಂದೇ ಬೀದಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಗೀಚಿದರು. ಬಿದ್ದ ಕಟ್ಟಡ, ನಿರಾಶ್ರಿತರ ಡೇರೆ, ಎಲ್ಲವನ್ನೂ ಗುರುತಿಸಿದರು. ರಕ್ಷಣೆಗೆ ಹೋದ ತಂಡಗಳು ಅದನ್ನೇ ಹಿಡಿದು ಓಡಾಡಿದವು. ರಸ್ತೆ ಇದ್ದರೆ ಸಾಲದು, ರಸ್ತೆ ಇದೆ ಎಂದು ಹೊರಗಿನವರಿಗೆ ಗೊತ್ತಾಗಬೇಕು. ನಮ್ಮ ಕೊಟ್ಟಿಗೆಗೂ ಈ ಮಾತು ಸಲ್ಲುತ್ತದೆ.

"ನಮ್ಮೂರಿನ ಡೇರಿ ಎಲ್ಲಿದೆ ಎಂದು ಮಗುವಿಗೂ ಗೊತ್ತು, ಮ್ಯಾಪ್ ಯಾಕೆ?" ಎಂದು ಒಬ್ಬ ಹಿರಿಯ ಅಕ್ಕ ನನ್ನನ್ನು ಕೇಳಿದರು. ನಿಜ, ನಮಗೆ ಬೇಡ. ಮ್ಯಾಪ್ ಬೇಕಾಗಿರುವುದು ಗೊತ್ತಿಲ್ಲದವರಿಗೆ. ರಜೆ ಹಾಕಿದ ಚಾಲಕನ ಬದಲಿಗೆ ಒಂದು ದಿನ ಹಾಲಿನ ಗಾಡಿ ತರುವವನಿಗೆ, ಹೊಸದಾಗಿ ಬಂದ ಡಾಕ್ಟರಿಗೆ, ಕೃತಕ ಗರ್ಭಧಾರಣೆಗೆ ಬರುವ ಹುಡುಗನಿಗೆ, ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬರುವ ತಂಡಕ್ಕೆ ಬೇಕು. ಹಸುವಿನ ಬೆದೆ ಯಾರಿಗಾಗಿಯೂ ಕಾಯುವುದಿಲ್ಲ. ಕರೆದ ಹಾಲೂ ಬೇಸಿಗೆಯ ಬಿಸಿಲಿನಲ್ಲಿ ಕಾಯುವುದಿಲ್ಲ. ಕೆಚ್ಚಲಿನಿಂದ ಬರುವಾಗ ಬೆಚ್ಚಗಿರುವ ಹಾಲು ಬೇಗ ತಣ್ಣಗಾಗಿ 4 ಡಿಗ್ರಿಗೆ ಇಳಿಯಬೇಕು. ದಾರಿ ತಪ್ಪಿದ ಗಾಡಿಯಿಂದ ಹಾಲು ಒಡೆದರೆ ನಷ್ಟ ಇಡೀ ಊರಿನದು.

ಗುರುತು ಮುಟ್ಟಿದಾಗ ಏನಿರಬೇಕು

ನನ್ನ ಪ್ರಕಾರ ಪ್ರತಿ ಸಂಘದ ಗುರುತಿನಲ್ಲಿ ಇಷ್ಟಿದ್ದರೆ ಸಾಕು: ಸಂಘದ ಪೂರ್ತಿ ಹೆಸರು, ಪಾಳ್ಯ ಅಥವಾ ಹಟ್ಟಿಯ ಹೆಸರಿನ ಸಮೇತ, ಗ್ರಾಮ ಪಂಚಾಯಿತಿ, ಹೋಬಳಿ, ತಾಲ್ಲೂಕು, ಬೆಳಿಗ್ಗೆ ಮತ್ತು ಸಂಜೆ ಹಾಲು ತೆಗೆದುಕೊಳ್ಳುವ ಹೊತ್ತು, ಹಾಲಿನ ಗಾಡಿಯ ಮಾರ್ಗದ ಸಂಖ್ಯೆ, ಸಂಘದ ಕಚೇರಿಯ ಫೋನ್. ಇದರ ಜೊತೆಗೆ ಹತ್ತಿರದ ಪಶು ಆಸ್ಪತ್ರೆ, ಬಲ್ಕ್ ಮಿಲ್ಕ್ ಕೂಲರ್ ಇರುವ ಸಂಘ, ಪಶು ಆಹಾರ ಸಿಗುವ ಜಾಗ, ಇವಕ್ಕೆ ಬೇರೆ ಬಣ್ಣದ ಗುರುತು ಇರಲಿ. ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಯುವ 1962 ಸಂಖ್ಯೆ ಮ್ಯಾಪಿನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಇರಲಿ.

ಏನಿರಬಾರದು ಎಂಬುದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಮನೆಗಳ ಗುರುತು ಇರಬಾರದು. ಯಾರ ಕೊಟ್ಟಿಗೆಯಲ್ಲಿ ಎಷ್ಟು ಹಸು, ಯಾರು ಎಷ್ಟು ಲೀಟರ್ ಹಾಕುತ್ತಾರೆ, ಯಾರ ಹಸುವಿನ ಕಿವಿಯೋಲೆಯ 12 ಅಂಕಿ ಏನು, ಯಾವುದೂ ಇರಬಾರದು. ಸದಸ್ಯರ ಸ್ವಂತ ಫೋನ್ ಸಂಖ್ಯೆ, ಫೋಟೋ ಬೇಡವೇ ಬೇಡ. ವೆಬ್‌ಸೈಟಿನ ಮ್ಯಾಪ್ ಎಂದರೆ ಸಂತೆ ಮೈದಾನ. ಅಲ್ಲಿಗೆ ಡಾಕ್ಟರೂ ಬರುತ್ತಾರೆ, ದನ ಕದಿಯುವವನೂ ಬರುತ್ತಾನೆ. ನಮ್ಮಲ್ಲಿ ಎಷ್ಟೋ ಜನ ಗಂಡ ಇಲ್ಲದೆ, ಮಕ್ಕಳು ಬೆಂಗಳೂರಿನಲ್ಲಿದ್ದು, ಒಬ್ಬರೇ ಎರಡು ಹಸು ಕಟ್ಟಿಕೊಂಡು ಇರುವವರಿದ್ದೇವೆ. ಅಂಥವರ ಮನೆಬಾಗಿಲಿಗೆ ಊರೆಲ್ಲ ಕಾಣುವಂತೆ ಗುರುತು ನೆಡುವುದು ಸೇವೆಯಲ್ಲ. "ರೈತ ಮಹಿಳೆಯ ಯಶಸ್ಸನ್ನು ತೋರಿಸುತ್ತೇವೆ" ಎಂದು ಯಾರಾದರೂ ಚೆನ್ನಾದ ಮಾತಿನಲ್ಲಿ ಕೇಳಿದರೂ, ಬೇಡ ಎನ್ನುವ ಹಕ್ಕು ನಿಮಗಿದೆ.

ಹಾಗಾದರೆ ರಾತ್ರಿ ಡಾಕ್ಟರ್ ಮನೆ ಹುಡುಕುವುದು ಹೇಗೆ? ಡೇರಿಯ ಬಾಗಿಲು ಸಿಕ್ಕರೆ ಅಲ್ಲಿಂದ ಮನೆಗೆ ಕರೆದೊಯ್ಯಲು ಊರಿನವರಿದ್ದಾರೆ. ಬೇಕೆಂದರೆ ಆ ಹೊತ್ತಿಗೆ ನಿಮ್ಮ ಜಾಗವನ್ನು ವಾಟ್ಸ್‌ಆ್ಯಪಿನಲ್ಲಿ ಅವರಿಗೆ ಮಾತ್ರ ಕಳುಹಿಸಿ. ಒಬ್ಬರಿಗೆ ಕಳುಹಿಸುವುದಕ್ಕೂ ಊರಿಗೆಲ್ಲ ಸಾರುವುದಕ್ಕೂ ಅಜಗಜಾಂತರ ವ್ಯತ್ಯಾಸ.

ಬೆರಳು ಸಿಕ್ಕಿಹಾಕಿಕೊಳ್ಳುವ ಮ್ಯಾಪ್ ಬೇಡ

ಮ್ಯಾಪ್ ಕೂರಿಸುವವರಿಗೂ ನಮ್ಮ ಕಡೆಯಿಂದ ಕೆಲವು ಮಾತು ಹೋಗಬೇಕು. ಅವರು ದೊಡ್ಡ ಪರದೆಯ ಕಂಪ್ಯೂಟರಿನಲ್ಲಿ ಮಾಡುತ್ತಾರೆ, ನಾವು ಅಂಗೈ ಅಗಲದ ಫೋನಿನಲ್ಲಿ ನೋಡುತ್ತೇವೆ. ಪುಟದಲ್ಲಿ ಕೆಳಗೆ ಹೋಗಲೆಂದು ಬೆರಳು ಎಳೆದರೆ ಪುಟ ಸರಿಯುವ ಬದಲು ಮ್ಯಾಪ್ ಸರಿದು ಎಲ್ಲೋ ಅರಬ್ಬೀ ಸಮುದ್ರಕ್ಕೆ ಹೋಗಿ ನಿಂತಿರುವುದನ್ನು ನೀವೂ ಕಂಡಿರುತ್ತೀರಿ. ಇದಕ್ಕೆ ಪರಿಹಾರ ಇದೆ. ಒಂದು ಬೆರಳಿಗೆ ಪುಟ ಸರಿಯಲಿ, ಎರಡು ಬೆರಳಿಟ್ಟರೆ ಮಾತ್ರ ಮ್ಯಾಪ್ ಸರಿಯಲಿ ಎಂದು ಮಾಡಿಡಬಹುದು. ಮಾಡಿ ಎಂದು ಕೇಳಬೇಕು.

ಎರಡನೆಯದು, ಪುಟ ತೆರೆದ ಕೂಡಲೇ ಮ್ಯಾಪ್ ಇಳಿಯುವುದು ಬೇಡ. ಮೊದಲು ತಾಲ್ಲೂಕುವಾರು ಸಂಘಗಳ ಪಟ್ಟಿ ಅಕ್ಷರದಲ್ಲಿ ಬರಲಿ, ಹೆಸರು ಮತ್ತು ಫೋನ್ ಸಂಖ್ಯೆಯೊಂದಿಗೆ. ಬೇಕಾದವರು "ಮ್ಯಾಪ್ ನೋಡಿ" ಎಂಬುದನ್ನು ಒತ್ತಿದಾಗ ಮ್ಯಾಪ್ ಬರಲಿ. ಸಿಗ್ನಲ್ ಇಲ್ಲದ ಹಟ್ಟಿಯಲ್ಲಿ ಟೈಲ್ ಬರದಿದ್ದರೂ ಪಟ್ಟಿಯ ಅಕ್ಷರ ಬಂದೇ ಬರುತ್ತದೆ. ಕಣ್ಣು ಮಂಜಾದವರಿಗೆ, ಫೋನಿನಿಂದ ಓದಿಸಿ ಕೇಳುವವರಿಗೆ ಪಟ್ಟಿಯೇ ಆಧಾರ. ಮೂರನೆಯದು, ಊರಿನ ಹೆಸರು ಕನ್ನಡದಲ್ಲಿರಲಿ, ನಾವು ಕರೆಯುವ ಹೆಸರಿರಲಿ. ಇಂಗ್ಲಿಷಿನಲ್ಲಿ ಬರೆದು ಮತ್ತೆ ಕನ್ನಡಕ್ಕೆ ತಂದರೆ ಹಳ್ಳಿ ಹಲ್ಲಿಯಾಗುತ್ತದೆ.

ಖರ್ಚಿನ ಮಾತನ್ನೂ ಆಡೋಣ, ಏಕೆಂದರೆ ಒಕ್ಕೂಟದ ಹಣ ನಮ್ಮ ಹಾಲಿನ ಹಣ. ಗೂಗಲ್ ಮ್ಯಾಪಿನಲ್ಲಿ ಒಂದು ಜಾಗವನ್ನು ಹುಡುಕಿ, ಅಲ್ಲಿ ಕೊಡುವ ಸಾಲನ್ನು ನಕಲು ಮಾಡಿ ವೆಬ್‌ಸೈಟಿಗೆ ಅಂಟಿಸಿದರೆ ಅದಕ್ಕೆ ಹಣ ಬೇಡ. ಆದರೆ ನೂರಾರು ಸಂಘ, ಬಣ್ಣ ಬಣ್ಣದ ಗುರುತು, ನಮಗೆ ಬೇಕಾದ ಹಾಗೆ ಬೇಕೆಂದರೆ ಅವರಿಂದ ಕೀ ಎಂಬ ಗುಪ್ತ ಸಂಖ್ಯೆ ಪಡೆಯಬೇಕು. ಅದಕ್ಕೆ ಬಿಲ್ಲಿನ ಖಾತೆ ತೆರೆಯಬೇಕೆಂಬುದು 2018ರಿಂದ ಬಂದ ನಿಯಮ. ಬಳಕೆ ಒಂದು ಮಿತಿ ದಾಟಿದರೆ ಹಣ ಕಟ್ಟಬೇಕು. ಆ ಕೀ ನಮ್ಮ ವೆಬ್‌ಸೈಟಿಗೆ ಮಾತ್ರ ಸಲ್ಲುವಂತೆ ಬಂದೋಬಸ್ತು ಮಾಡದಿದ್ದರೆ ಬೇರೆಯವರು ಬಳಸಿಕೊಂಡು ಬಿಲ್ ನಮಗೆ ಬರಬಹುದು. ನಮ್ಮ ಪಾಸ್‌ಬುಕ್ಕಿನಲ್ಲಿ ಇನ್ನೊಬ್ಬರು ಸಾಲ ತೆಗೆದ ಹಾಗೆ. ಓಪನ್‌ಸ್ಟ್ರೀಟ್‌ಮ್ಯಾಪನ್ನು ಲೀಫ್ಲೆಟ್ ಜೊತೆ ಬಳಸಿದರೆ ಮ್ಯಾಪಿನ ಮಾಹಿತಿಗೆ ಹಣವಿಲ್ಲ. ಅದನ್ನು ಕಟ್ಟಿದ ಜನರ ಹೆಸರನ್ನು ಮ್ಯಾಪಿನ ಮೂಲೆಯಲ್ಲಿ ಕಾಣುವಂತೆ ಹಾಕಬೇಕು, ಅದು ಅವರ ಷರತ್ತು. ಅವರ ಕಂಪ್ಯೂಟರ್ ನಡೆಯುವುದು ದೇಣಿಗೆಯಿಂದ. ಆದ್ದರಿಂದ ನೋಡುವವರು ಬಹಳ ಜನ ಆದರೆ ಟೈಲಿಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ಯಾವುದು ಒಳ್ಳೆಯದು ಎಂದು ಆಡಳಿತ ಮಂಡಳಿ ತೀರ್ಮಾನಿಸಲಿ. ನನ್ನ ಒಲವು ಎರಡನೆಯದರ ಕಡೆಗೆ. ಜನ ಕೂಡಿ ಕಟ್ಟಿದ್ದನ್ನು ಜನ ಕೂಡಿ ಕಟ್ಟಿದ ಒಕ್ಕೂಟ ಬಳಸುವುದು ನ್ಯಾಯವಾಗಿ ಕಾಣುತ್ತದೆ. ಅದರಲ್ಲಿ ನಮ್ಮ ಪಾಳ್ಯದ ರಸ್ತೆಯನ್ನು ಸೇರಿಸಿದರೆ ನಮಗೆ ಮಾತ್ರವಲ್ಲ, ಅದನ್ನು ಬಳಸುವ ಎಲ್ಲರಿಗೂ ಕಾಣುತ್ತದೆ.

ಮುಂದಿನ ತಿಂಗಳ ಸಭೆಗೆ ಮೊದಲು

ಈಗ ನೀವು ಮಾಡಬಹುದಾದದ್ದನ್ನು ಹೇಳಿ ಮುಗಿಸುತ್ತೇನೆ. ಸಂಜೆ ಹಾಲು ಹಾಕಲು ಹೋದಾಗ, ಸಂಘದಲ್ಲಿ ಫೋನ್ ಚೆನ್ನಾಗಿ ಬಳಸುವ ಒಬ್ಬ ತಂಗಿಯನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಳ್ಳಿ. ಡೇರಿಯ ಬಾಗಿಲ ಮುಂದೆ, ತಗಡಿನ ಮಾಡಿನ ಕೆಳಗಲ್ಲ, ಆಕಾಶ ಕಾಣುವ ಕಡೆ ನಿಲ್ಲಿ. ಫೋನಿನ ಮ್ಯಾಪ್ ತೆರೆದು, ನೀವು ನಿಂತ ಜಾಗದ ನೀಲಿ ಚುಕ್ಕಿ ಅಲುಗಾಡುವುದು ನಿಲ್ಲುವ ತನಕ ಕಾಯಿರಿ. ಆಮೇಲೆ ಅದರ ಮೇಲೆ ಬೆರಳನ್ನು ಒತ್ತಿ ಹಿಡಿಯಿರಿ. ಎರಡು ಅಂಕಿ ಬರುತ್ತವೆ. ಮೊದಲನೆಯದು 11ರಿಂದ 19ರ ಒಳಗಿದೆಯೇ, ಎರಡನೆಯದು 74ರಿಂದ 79ರ ಒಳಗಿದೆಯೇ ನೋಡಿ. ಚುಕ್ಕಿಯ ನಂತರ ಐದು ಅಂಕಿ ಬರೆದುಕೊಳ್ಳಿ. ಮಾರನೆಯ ದಿನ ಇನ್ನೊಬ್ಬರ ಫೋನಿನಲ್ಲಿ ಮತ್ತೆ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಆದರೆ ಸರಿ.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬ ವ್ಯವಸ್ಥೆ ತಂದಿದೆ. ದೇಶದ ನೆಲವನ್ನೆಲ್ಲ ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಮಾಡಿ ಪ್ರತಿ ಚೌಕಕ್ಕೂ 10 ಅಕ್ಷರದ ಗುರುತು ಕೊಟ್ಟಿದ್ದಾರೆ. ಡೇರಿಯ ಆ ಗುರುತನ್ನೂ ಬರೆದಿಟ್ಟುಕೊಂಡರೆ ಒಳ್ಳೆಯದು.

ಇವನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಸಂಘದ ಸಭೆಯಲ್ಲಿ ಇಟ್ಟು, ನಡಾವಳಿ ಪುಸ್ತಕದಲ್ಲಿ ಬರೆಸಿ, ಅಧ್ಯಕ್ಷರು ಮತ್ತು ಕಾರ್ಯದರ್ಶಿಯವರ ಸಹಿಯೊಂದಿಗೆ ವಿಸ್ತರಣಾಧಿಕಾರಿಗಳ ಮೂಲಕ ಒಕ್ಕೂಟಕ್ಕೆ ಕಳುಹಿಸಿ. ಪತ್ರದಲ್ಲಿ ಮೂರು ಬೇಡಿಕೆ ಇರಲಿ. ಮ್ಯಾಪ್ ಎಲ್ಲರಿಗೂ ತೆರೆಯುವ ಮೊದಲು ಪ್ರತಿ ಸಂಘಕ್ಕೂ ತನ್ನ ಗುರುತನ್ನು ತೋರಿಸಿ ಒಪ್ಪಿಗೆ ಪಡೆಯಬೇಕು. ಮ್ಯಾಪಿನ ಕೆಳಗೆ ಕೊನೆಯ ಸಲ ಸರಿಪಡಿಸಿದ ದಿನಾಂಕ ಇರಬೇಕು. "ತಪ್ಪಿದ್ದರೆ ತಿಳಿಸಿ" ಎಂಬ ಗುಂಡಿ, ಅದರ ಪಕ್ಕದಲ್ಲಿ ಫೋನ್ ಎತ್ತುವ ಒಬ್ಬರ ಕಚೇರಿ ಸಂಖ್ಯೆ ಇರಬೇಕು. ಡೇರಿ ಬಾಡಿಗೆ ಕಟ್ಟಡದಿಂದ ಸ್ವಂತ ಕಟ್ಟಡಕ್ಕೆ ಹೋಗುತ್ತದೆ, ಹಾಲಿನ ಗಾಡಿಯ ಮಾರ್ಗ ಬದಲಾಗುತ್ತದೆ. ತಿದ್ದದ ಮ್ಯಾಪನ್ನು ನಂಬಿ ಬಂದವರು ಹಳೆಯ ಬಾಗಿಲು ತಟ್ಟಿಕೊಂಡು ನಿಲ್ಲುತ್ತಾರೆ.

"ಇದನ್ನೆಲ್ಲ ಆಫೀಸಿನವರೇ ಊರೂರಿಗೆ ಬಂದು ಮಾಡಿಕೊಳ್ಳಲಿ" ಎನ್ನುವವರೂ ಇದ್ದಾರೆ. ಬರಲಿ, ಬಂದರೆ ಚಹಾ ಕೊಡೋಣ. ಆದರೆ ಅವರು ಬರುವುದು ಒಂದು ಸಲ, ಅದೂ ಹಗಲು ಹೊತ್ತಿನಲ್ಲಿ. ಮಳೆಗಾಲದಲ್ಲಿ ಕೆರೆ ಏರಿಯ ದಾರಿ ಮುಚ್ಚುತ್ತದೆ, ಸೇತುವೆಯ ಕೆಳಗೆ ನೀರು ನಿಲ್ಲುತ್ತದೆ, ಗಾಡಿ ಸುತ್ತು ಬಳಸಿ ಬರಬೇಕು ಎಂಬುದನ್ನು ಅವರಿಗೆ ಹೇಳಬೇಕಾದವರು ನಾವೇ. ಹಾಲು ಅಳೆಯುವಾಗ ಅಂಕಿ ಸರಿಯಿದೆಯೇ ಎಂದು ಯಂತ್ರದ ಕಡೆ ಕಣ್ಣಿಟ್ಟು ನಿಲ್ಲುತ್ತೇವಲ್ಲ, ಇದಕ್ಕೂ ಹಾಗೇ ನಿಲ್ಲೋಣ.

ನಮ್ಮ ಸಂಘದಲ್ಲಿ ನಾವು ಅಂಕಿ ಬರೆದು ಕಳುಹಿಸಿದ್ದೇವೆ. ಡೇರಿಯ ಬಾಗಿಲ ಮೇಲೂ ಅದನ್ನು ಬಣ್ಣದಲ್ಲಿ ಬರೆಸಿದ್ದೇವೆ, ಫೋನ್ ಮಾಡುವಾಗ ನೋಡಿ ಹೇಳಲು. ಮೊನ್ನೆ ಪಕ್ಕದ ಮನೆಯ ಅಜ್ಜಿ ಅದನ್ನು ನೋಡಿ "ಇದೇನೇ ಇದು, ಲಾಟರಿ ನಂಬರ್ ಬರೆಸಿದ್ದೀರ?" ಎಂದು ಕೇಳಿತು. "ಇಲ್ಲಜ್ಜಿ, ನಮ್ಮೂರಿನ ಹೊಸಹಳ್ಳಿ ಯಾವುದು ಅಂತ ಡಾಕ್ಟರಿಗೆ ಹೇಳೋ ನಂಬರ್" ಎಂದೆ. ನಿಮ್ಮ ಡೇರಿಯ ಅಂಕಿಯನ್ನೂ ಈ ವಾರ ಬರೆದಿಡಿ.